ಮೈನರು ಹುಡುಗನ ಆಸ್ತಿ ಎಷ್ಟು?

ಅಜ್ಜಿಯನ್ನೂ ಅದರ ಒಂಬತ್ತು ವರ್ಷದ ಮೊಮ್ಮಗನನ್ನೂ ಕರೆದುಕೊಂಡು ನಾವು ಜಿಲ್ಲಾ ಕೋರ್ಟಿನ ಮರದ ಕೆಳಗೆ ಕೂತಿದ್ದೆವು. ಹುಡುಗನ ಅಪ್ಪ ಲಾರಿಗೆ ಸಿಕ್ಕಿ ಸತ್ತ. ಎರಡು ವರ್ಷಕ್ಕೆ ಅವ್ವನೂ ಹೋದಳು. ಅಪಘಾತದ ಪರಿಹಾರದ ದುಡ್ಡು ಹುಡುಗನ ಹೆಸರಲ್ಲಿ ಬ್ಯಾಂಕಿನಲ್ಲಿತ್ತು. ಅದರ ಬಡ್ಡಿ ಕೇಳಲು ಹೋದರೆ 'ಕೋರ್ಟಿನಿಂದ ಗಾರ್ಡಿಯನ್ ಆರ್ಡರ್ ತನ್ನಿ' ಅಂದರು. ಅಜ್ಜಿಗೆ ಇದು ಅರ್ಥವೇ ಆಗಲಿಲ್ಲ. 'ಅಲ್ಲ ಕಣ್ರಪ್ಪ, ಹೆತ್ತೋಳು ಸತ್ಮೇಲೆ ಸಾಕ್ದೋಳು ನಾನು. ನಾನು ಅಜ್ಜಿ ಅನ್ನಾದ್ಕೆ ಕೋರ್ಟ್‌ನೋರು ಸೀಲ್ ಹೊಡೀಬೇಕಾ?' ಎಂದು ಕೇಳಿತು.

ಅರ್ಜಿ ಬರೆಯಲು ಕೂತ ವಕೀಲರು ಹೆಸರು, ಜಾತಿ, ಹುಟ್ಟಿದ ದಿನ ಕೇಳಿಯಾದ ಮೇಲೆ ಕೇಳಿದ್ದು, 'ಮೈನರು ಹುಡುಗನ ಆಸ್ತಿ ಎಷ್ಟು?' ಎಂದು. ಹುಡುಗ ಉಂಡನೇ, ಸ್ಕೂಲಿಗೆ ಹೋಗುತ್ತಾನೆಯೇ ಎಂದು ಆ ಅರ್ಜಿ ಕೇಳುವುದಿಲ್ಲ. ಆಸ್ತಿ ಎಲ್ಲಿದೆ, ಏನಿದೆ, ಅಂದಾಜು ಬೆಲೆ ಎಷ್ಟು ಎಂದು ಮಾತ್ರ ಕೇಳುತ್ತದೆ. ವಕೀಲರ ತಪ್ಪಲ್ಲ, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 10ನೇ ಸೆಕ್ಷನ್ನಿನಲ್ಲೇ ಹಾಗಿದೆ. ಈ ಪ್ರಶ್ನೆ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದೆವು.

ಬಂದದ್ದು ಜಮೀನ್ದಾರರ ಮನೆಯಿಂದ. 1793ರಲ್ಲಿ ಕಂಪನಿ ಸರ್ಕಾರ ಬಂಗಾಳದಲ್ಲಿ ಜಮೀನ್ದಾರಿಯನ್ನು ಕಾಯಂ ಮಾಡಿತಲ್ಲ, ಅದೇ ವರ್ಷ 'ಕೋರ್ಟ್ ಆಫ್ ವಾರ್ಡ್ಸ್' ಎಂಬುದನ್ನೂ ಹುಟ್ಟುಹಾಕಿತು. ಜಮೀನ್ದಾರ ಸತ್ತು ಅವನ ಮಗ ಎಳೆಯ ಮಗುವಾಗಿದ್ದರೆ ಕಂದಾಯ ನಿಂತುಹೋದೀತೆಂಬ ಭಯ ಅವರಿಗೆ. ಹಾಗಾಗಿ ಎಸ್ಟೇಟನ್ನೂ ಮಗುವನ್ನೂ ಒಟ್ಟಿಗೆ ಸರ್ಕಾರದ ಉಸ್ತುವಾರಿಗೆ ತೆಗೆದುಕೊಂಡರು. ಮದರಾಸು ಪ್ರಾಂತ್ಯದಲ್ಲಿ 1804ರಲ್ಲಿ ಇದೇ ಬಂತು. ಮುಂದೆ ಮೈನರು ಜಮೀನ್ದಾರರಿಗೆಂದೇ ಮದರಾಸಿನ ನ್ಯೂಯಿಂಗ್ಟನ್ ಬಂಗಲೆಯಲ್ಲಿ ಶಾಲೆಯೂ ನಡೆಯಿತು. ನಮ್ಮ ಮೈಸೂರಿನ ಕತೆಯೇನು ಕಮ್ಮಿಯೇ? 1868ರಲ್ಲಿ ಮುಮ್ಮಡಿ ಕೃಷ್ಣರಾಜರು ತೀರಿಕೊಂಡಾಗ ದತ್ತುಪುತ್ರ ಚಾಮರಾಜೇಂದ್ರರಿಗೆ ಐದು ವರ್ಷ. 1881ರಲ್ಲಿ ಅವರಿಗೆ ಹದಿನೆಂಟು ತುಂಬುವವರೆಗೆ ಇಡೀ ಸಂಸ್ಥಾನವೇ ಬ್ರಿಟಿಷರ ಪಾಲಕತ್ವದಲ್ಲಿತ್ತು. ಒಂದು ಮಗುವಿಗೆ ಆಸ್ತಿ ಇದ್ದರೆ ಸಾಮ್ರಾಜ್ಯವೇ ಬಂದು ತೊಟ್ಟಿಲು ತೂಗುತ್ತದೆ.

ಆಸ್ತಿ ಇಲ್ಲದ ಮಗುವಿಗೆ? ಅದಕ್ಕೂ ಕಾಯ್ದೆ ಇತ್ತು. 1850ರ ಅಪ್ರೆಂಟಿಸ್ ಕಾಯ್ದೆ. ಅನಾಥ ಮಕ್ಕಳನ್ನೂ ಬಡವರ ಮಕ್ಕಳನ್ನೂ ಕಸುಬು ಕಲಿಸುವ ಹೆಸರಿನಲ್ಲಿ ಯಜಮಾನನಿಗೆ ಕರಾರು ಬರೆದು ಒಪ್ಪಿಸಲು ಅದು ದಾರಿ ಮಾಡಿತು. ಕೊರಮ, ಕೊರಚ ಮುಂತಾದ ಜನರ ಮೇಲೆ 'ಕ್ರಿಮಿನಲ್ ಟ್ರೈಬ್ಸ್' ಎಂದು ಮುದ್ರೆ ಒತ್ತಿದ 1911ರ ಕಾಯ್ದೆಯಂತೂ ತಂದೆತಾಯಿ ಬದುಕಿದ್ದಾಗಲೇ ಮಕ್ಕಳನ್ನು ಬೇರ್ಪಡಿಸಿ ಸರ್ಕಾರಿ ಶಾಲೆಗೆ ಹಾಕುವ ಅಧಿಕಾರ ಕೊಟ್ಟಿತು. ಹುಬ್ಬಳ್ಳಿ, ಬಿಜಾಪುರಗಳಲ್ಲಿ ಮುಳ್ಳುತಂತಿಯ ಸೆಟ್ಲ್‌ಮೆಂಟುಗಳಿದ್ದವು. 1952ರಲ್ಲಿ ಆ ಕಾಯ್ದೆ ಹೋಯಿತು. ಇನ್ನು ನಮ್ಮ ಹಟ್ಟಿಗಳ ಮಾತು. ಅಪ್ಪನ ಸಾಲಕ್ಕೆ ಮಗ ಗೌಡನ ಮನೆ ದನ ಕಾಯಲು ಹೋಗುತ್ತಿದ್ದ. ಉಣ್ಣಿಸುವವನೂ ಹೊಡೆಯುವವನೂ ಗೌಡನೇ. ಮಕ್ಕಳ ದುಡಿಮೆಯನ್ನು ಒತ್ತೆ ಇಡುವ ಕರಾರು ಚೆಲ್ಲದು ಎಂದು 1933ರಲ್ಲಿ ಕಾಯ್ದೆ ಬಂತು. ಒತ್ತೆ ಇಟ್ಟ ಅಪ್ಪನಿಗೆ ಐವತ್ತು ರೂಪಾಯಿವರೆಗೆ ದಂಡ, ಒತ್ತೆ ಹಿಡಿದವನಿಗೆ ಇನ್ನೂರು. ಜೀತ ಹೋದದ್ದು ಅದರಿಂದಲ್ಲ. ಕಾಗದದ ಮೇಲೆ ಹೋಗಲಿಕ್ಕೇ 1976 ಬರಬೇಕಾಯಿತು.

ಇವೆರಡರ ನಡುವೆ ಬಂದದ್ದು 1890ರ ಕಾಯ್ದೆ. ಅದನ್ನು ಪೂರ್ತಿ ಬೈಯಲು ನಮಗೆ ಮನಸ್ಸಿಲ್ಲ. ಅದರಲ್ಲಿ ಒಂದು ಒಳ್ಳೆ ಬೀಜವಿದೆ. ಗಾರ್ಡಿಯನ್ ನೇಮಿಸುವಾಗ ಮಗುವಿನ ಕ್ಷೇಮ ನೋಡಬೇಕು, ಬುದ್ಧಿ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳಬಹುದು ಎಂದು 17ನೇ ಸೆಕ್ಷನ್ ಹೇಳುತ್ತದೆ. ಮಗುವಿನ ನೆಂಟ ಮಾತ್ರವಲ್ಲ, ಸ್ನೇಹಿತನೂ ಅರ್ಜಿ ಹಾಕಬಹುದು, ಕಲೆಕ್ಟರೂ ಹಾಕಬಹುದು. ಹಳ್ಳಿ ಮೇಷ್ಟ್ರುಗಳು ಇದನ್ನು ನೆನಪಿಟ್ಟುಕೊಳ್ಳಬೇಕು.

ಈ ಕಾಯ್ದೆಯ ಹೆಸರು ಲೋಕಕ್ಕೆಲ್ಲ ಕೇಳಿಸಿದ್ದು ಮದರಾಸಿನ ಒಂದು ಕೇಸಿನಿಂದ. ಅಡಯಾರಿನ ಥಿಯಾಸಫಿಕಲ್ ಸೊಸೈಟಿಯಲ್ಲಿ ಕೆಲಸಕ್ಕಿದ್ದ ನಿವೃತ್ತ ನೌಕರ ಜಿಡ್ಡು ನಾರಾಯಣಯ್ಯ 1910ರಲ್ಲಿ ತನ್ನ ಇಬ್ಬರು ಮಕ್ಕಳ ಪಾಲಕತ್ವವನ್ನು ಆನಿ ಬೆಸೆಂಟರಿಗೆ ಬರೆದುಕೊಟ್ಟ. ಆ ಮಕ್ಕಳಲ್ಲಿ ದೊಡ್ಡವನೇ ಜೆ. ಕೃಷ್ಣಮೂರ್ತಿ. ಅವನನ್ನು ಜಗದ್ಗುರುವೆಂದು ಬೆಳೆಸಲು ಹೊರಟಿದ್ದರು. ಮಕ್ಕಳು ಇಂಗ್ಲೆಂಡಿಗೆ ಹೋದರು. ಅಪ್ಪನ ಮನಸ್ಸು ತಿರುಗಿತು. 1912ರಲ್ಲಿ ಚೆಂಗಲ್ಪಟ್ಟು ಜಿಲ್ಲಾ ಕೋರ್ಟಿನಲ್ಲಿ ದಾವೆ ಹಾಕಿದ. ಅದು ಮದರಾಸು ಹೈಕೋರ್ಟಿಗೆ ಹೋಯಿತು, 1913ರಲ್ಲಿ ಅಪ್ಪ ಗೆದ್ದ, ಮೇಲ್ಮನವಿಯಲ್ಲೂ ಗೆದ್ದ. ಬೆಸೆಂಟರು ಲಂಡನ್ನಿನ ಪ್ರಿವಿ ಕೌನ್ಸಿಲ್ಲಿಗೆ ಹೋದರು. 1914ರಲ್ಲಿ ಅಲ್ಲಿ ಅವರು ಗೆದ್ದರು.

ಆ ತೀರ್ಪಿನ ಎರಡು ಮಾತು ನಮಗೆ ಬೇಕಾದವು. ಅಪ್ಪ ಪಾಲಕತ್ವವನ್ನು ಬರೆದುಕೊಟ್ಟರೂ ಅದು ಮಾರಾಟವಲ್ಲ, ವಾಪಸು ಕೇಳಬಹುದು ಎಂಬುದು ಒಂದು. ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿದೆಯೋ ಅಲ್ಲಿನ ಜಿಲ್ಲಾ ಕೋರ್ಟಿಗೇ ಅಧಿಕಾರ, ಇಂಗ್ಲೆಂಡಿನಲ್ಲಿ ಓದುತ್ತಿರುವ ಹುಡುಗರು ಚೆಂಗಲ್ಪಟ್ಟಿನ ವಾಸಿಗಳಲ್ಲ ಎಂಬುದು ಇನ್ನೊಂದು. ಜೊತೆಗೆ, ಇಷ್ಟೆಲ್ಲ ಗುದ್ದಾಟದಲ್ಲಿ ಆ ಹುಡುಗರ ಮಾತನ್ನು ಕೋರ್ಟಿನ ಮುಂದಿಡುವವರೇ ಇರಲಿಲ್ಲವಲ್ಲ ಎಂದೂ ಪ್ರಿವಿ ಕೌನ್ಸಿಲ್ ಆಕ್ಷೇಪಿಸಿತು. ಲಂಡನ್ನಿನ ಆ ತೀರ್ಪು ಹಟ್ಟಿಯ ಅಜ್ಜಿಗೆ ಉಪಯೋಗಕ್ಕೆ ಬಂದೀತೆಂದು ನಾವೂ ಎಣಿಸಿರಲಿಲ್ಲ.

ಸ್ವಾತಂತ್ರ್ಯ ಬಂತು. ಬಾಬಾಸಾಹೇಬರು ಕಾನೂನು ಮಂತ್ರಿಯಾಗಿ ಹಿಂದೂ ಕೋಡ್ ಬಿಲ್ಲಿಗೆ ಹೋರಾಡಿದರು, ಅದನ್ನು ಕೈಬಿಟ್ಟಿದ್ದಕ್ಕೆ 1951ರಲ್ಲಿ ರಾಜೀನಾಮೆ ಎಸೆದರು. ಆಮೇಲೆ ಅದನ್ನು ತುಂಡು ತುಂಡಾಗಿ ತಂದರು. ಒಂದು ತುಂಡು 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ. ಅದರ ಆರನೇ ಸೆಕ್ಷನ್ ನೋಡಿ. ಮದುವೆಯಾದ ದಂಪತಿಗಳ ಮಗುವಿಗೆ ಸಹಜ ಪಾಲಕ ಅಪ್ಪ, 'ಅವನ ನಂತರ' ಅಮ್ಮ. ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ಮಾತ್ರ ಮೊದಲು ಅಮ್ಮ. ಅಂದರೆ ತಾಳಿ ಕಟ್ಟಿಸಿಕೊಂಡವಳು ಎರಡನೆಯವಳು! ಹಾಗಾದರೆ ಮುತ್ತು ಕಟ್ಟಿಸಿಕೊಂಡ ನಮ್ಮ ತಾಯಂದಿರಿಗೆ ಈ ಮೊದಲ ಸ್ಥಾನ ಸಿಕ್ಕಿತೇ? ಕಾನೂನಿನಲ್ಲಿ ಸಿಕ್ಕಿತು. ಆದರೆ ಸ್ಕೂಲಿನ ರಿಜಿಸ್ಟರಿನ ಮುಂದೆ ನಿಂತರೆ 'ಅಪ್ಪನ ಹೆಸರು ಹೇಳವ್ವ' ಎಂಬ ಮಾತು. ದೇವದಾಸಿ ಬಿಡುವುದನ್ನು ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಿ ನಿಷೇಧಿಸಿದ ಮೇಲೂ ಆ ಕಾಲಂ ಮಕ್ಕಳನ್ನು ಅಟ್ಟಿಸಿಕೊಂಡು ಬಂತು.

ಓದಿದ ಹೆಂಗಸರಿಗೂ ಅದೇ ಪಾಡು. ಲೇಖಕಿ ಗೀತಾ ಹರಿಹರನ್ 1984ರಲ್ಲಿ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಹೋದರೆ ರಿಸರ್ವ್ ಬ್ಯಾಂಕು ಅಪ್ಪನ ಸಹಿ ಕೇಳಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1999ರಲ್ಲಿ ತೀರ್ಪು ಬಂತು: 'ನಂತರ' ಎಂದರೆ ಅಪ್ಪ ಸತ್ತ ನಂತರವೆಂದಲ್ಲ, ಅವನ ಗೈರಿನಲ್ಲಿ ಎಂದು, ಬದುಕಿದ್ದೂ ಮಗುವಿನ ಕಡೆ ತಿರುಗಿ ನೋಡದವನು ಗೈರುಹಾಜರಾದಂತೆಯೇ. ಒಂದು ಪದ ಬಿಡಿಸಲು ನಲವತ್ತಮೂರು ವರ್ಷ. 2015ರಲ್ಲಿ ಇನ್ನೊಂದು ಹೆಜ್ಜೆ. ಮದುವೆಯಾಗದ ಕ್ರೈಸ್ತ ತಾಯಿಯೊಬ್ಬರು ತಮ್ಮ ಮಗುವಿಗೆ ಗಾರ್ಡಿಯನ್ ಆಗಲು 1890ರ ಕಾಯ್ದೆಯಡಿ ಅರ್ಜಿ ಹಾಕಿದ್ದರು. ಅಪ್ಪನ ಹೆಸರು ಹೇಳಲಿಲ್ಲವೆಂದು ಕೆಳಗಿನ ಕೋರ್ಟುಗಳು ತಳ್ಳಿಹಾಕಿದ್ದವು. ಅವನ ಹೆಸರು ಹೇಳಬೇಕಿಲ್ಲ, ಅವನಿಗೆ ನೋಟಿಸೂ ಬೇಕಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಒಂಟಿ ತಾಯಿ ಅಫಿಡವಿಟ್ ಕೊಟ್ಟರೆ ಜನನ ಪತ್ರ ಕೊಡಬೇಕೆಂದೂ ಹೇಳಿತು.

ಅಮ್ಮನದು ಹೀಗಾಯಿತು. ಅಜ್ಜಿಯದು? 1956ರ ಕಾಯ್ದೆಯ ಸಹಜ ಪಾಲಕರ ಪಟ್ಟಿಯಲ್ಲಿ ಅಜ್ಜಿಯಿಲ್ಲ. ಹಿಂದೆ ಮಗುವನ್ನು ನಿಜವಾಗಿ ಸಾಕುತ್ತಿರುವವರು ಕಷ್ಟಕಾಲದಲ್ಲಿ ಅದರ ಆಸ್ತಿ ವ್ಯವಹಾರ ಮಾಡಿದರೆ ಕೋರ್ಟುಗಳು ಒಪ್ಪುತ್ತಿದ್ದವು, 1856ರ ಹನುಮಾನ್ ಪ್ರಸಾದ್ ಕೇಸಿನ ಕಾಲದಿಂದ. 1956ರ ಕಾಯ್ದೆಯ 11ನೇ ಸೆಕ್ಷನ್ ಅದನ್ನು ನಿಲ್ಲಿಸಿತು. ಚಿಕ್ಕಪ್ಪ ದೊಡ್ಡಪ್ಪಂದಿರು ತಬ್ಬಲಿಗಳ ಹೊಲ ನುಂಗದಿರಲಿ ಎಂದು. ಸರಿಯೇ. ಆದರೆ ನುಂಗುವವನ ಕೈ ಕಟ್ಟಿದ ಹಗ್ಗ ಸಾಕುವವಳ ಕೈಯನ್ನೂ ಕಟ್ಟಿತು. ನುಂಗುವವನು ಹಗ್ಗ ಬಿಚ್ಚುವುದನ್ನು ಕಲಿತಿರುತ್ತಾನೆ.

ಕಲಿತಿದ್ದ. ಹುಡುಗನ ತಾತನಿಗೆ ದರಖಾಸ್ತಿನಲ್ಲಿ ಬಂದ ಒಂದೂವರೆ ಎಕರೆ ಇತ್ತು. ದೊಡ್ಡಪ್ಪ 'ಮೈನರು ಗಾರ್ಡಿಯನ್' ಎಂದು ತಾನೇ ಸಹಿ ಹಾಕಿ ಅದನ್ನು ಊರ ಸಾಹುಕಾರನಿಗೆ ಮಾರಿಬಿಟ್ಟಿದ್ದ. ಕೋರ್ಟು ಅವನನ್ನು ನೇಮಿಸಿರಲಿಲ್ಲ, ಪರಿಶಿಷ್ಟರಿಗೆ ಮಂಜೂರಾದ ಜಮೀನು ಮಾರಲು 1978ರ ಕಾಯ್ದೆಯಂತೆ ಬೇಕಾದ ಸರ್ಕಾರದ ಅಪ್ಪಣೆಯೂ ಇರಲಿಲ್ಲ. ಅಜ್ಜಿ ಅರ್ಜಿ ಹಾಕಿದ್ದೇ ತಡ, ಅವನ ಕಡೆಯ ವಕೀಲರು ಎದ್ದುನಿಂತು, ಹುಡುಗನ ಊರು ಪಕ್ಕದ ಜಿಲ್ಲೆ, ಇಲ್ಲಿ ಕೇಸು ನಡೆಯುವಂತಿಲ್ಲ ಎಂದರು. ನಮ್ಮ ವಕೀಲರು 1914ರ ತೀರ್ಪು ತೆಗೆದರು. ಹುಡುಗ ಮೂರು ವರ್ಷದಿಂದ ಅಜ್ಜಿಯ ಹಟ್ಟಿಯಲ್ಲಿದ್ದಾನೆ, ಅಲ್ಲೇ ಶಾಲೆಗೆ ಹೋಗುತ್ತಾನೆ. ಮೇಷ್ಟ್ರು ಹಾಜರಿ ಪುಸ್ತಕ ತಂದು ತೋರಿಸಿದರು. ಆಕ್ಷೇಪಣೆ ಬಿತ್ತು.

ನಮ್ಮ ವಕೀಲರಿಗೆ ಫೀಸು ಕೊಟ್ಟಿರಲಿಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಪರಿಶಿಷ್ಟರು, ಹೆಂಗಸರು, ಮಕ್ಕಳು ಪುಕ್ಕಟೆ ವಕೀಲರನ್ನು ಕೇಳಬಹುದು. ಅಜ್ಜಿ ಈ ಮೂರರಲ್ಲಿ ಎರಡು. ಬಸ್ಸಿನ ಚಾರ್ಜು, ಹೋದ ದಿನದ ಕೂಲಿ ಮಾತ್ರ ಯಾವ ಕಾಯ್ದೆಯೂ ಕೊಡಲಿಲ್ಲ. ಎಂಟು ವಾಯಿದೆಗೆ ಎಂಟು ಕೂಲಿ. ನೋಟಿಸನ್ನು ಮಗು ವಾಸಿಸುವ ಮನೆಗೆ ಅಂಟಿಸಬೇಕೆಂದು ನಿಯಮ. ಅಮೀನರು ಹಟ್ಟಿಗೆ ಬಂದು ತಗಡಿನ ಬಾಗಿಲಿಗೆ ಅಂಟಿಸಿ ಹೋದರು. ಜಫ್ತಿಗೆ ಬಂದರೇನೋ ಎಂದು ಅಕ್ಕಪಕ್ಕದವರು ಹೆದರಿದ್ದರು.

ಜಡ್ಜು ಹುಡುಗನನ್ನು ಒಳಗೆ ಕರೆದು ಯಾರ ಹತ್ತಿರ ಇರುತ್ತೀಯ ಎಂದು ಕೇಳಿದರಂತೆ. 'ಎಲ್ಲೂ ಹೋಗಾಕಿಲ್ಲ, ಅಜ್ಜಿಗೆ ಕಣ್ ಕಾಣಾಕಿಲ್ಲ' ಅಂದನಂತೆ. ನಮಗೆ ಎದೆ ಝಲ್ಲೆಂದಿತು. ಕಣ್ಣು ಕಾಣದವಳು ಗಾರ್ಡಿಯನ್ ಹೇಗಾದಾಳೆಂದು ಎದುರಿನವರು ಹಿಡಿದುಕೊಂಡರೆ? ಹಿಡಿದುಕೊಂಡರು ಕೂಡ. ಆದರೂ ಆರ್ಡರ್ ಅಜ್ಜಿಯ ಹೆಸರಿಗೇ ಆಯಿತು. ಬಡ್ಡಿ ದುಡ್ಡು ಓದಿಗೂ ಬಟ್ಟೆಗೂ, ಅಸಲು ಮುಟ್ಟುವಂತಿಲ್ಲ, ಕೋರ್ಟಿಗೆ ಲೆಕ್ಕ ಕೊಡಬೇಕು.

ಈಗ ಮೇಷ್ಟ್ರು ಲೆಕ್ಕ ಬರೆಯುತ್ತಾರೆ, ಅಜ್ಜಿ ಹೆಬ್ಬೆಟ್ಟು ಒತ್ತುತ್ತದೆ, ಎಲ್ಲಿ ಒತ್ತಬೇಕೆಂದು ಹುಡುಗ ಕೈ ಹಿಡಿದು ತೋರಿಸುತ್ತಾನೆ. ಜಮೀನಿನ ಕೇಸು ಎ.ಸಿ. ಕೋರ್ಟಿನಲ್ಲಿದೆ. ಹೋದ ವಾಯಿದೆಗೆ ಸಾಹುಕಾರ ಬಂದಿರಲಿಲ್ಲ.