ಬೀಗ, ಚೀಟಿ ಮತ್ತು ಕಡೆಯ ಪರೀಕ್ಷೆ

ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಬಳಗದ ಸದಸ್ಯರಿಗೆ ‘ಲಾಕ್‌ಔಟ್-ಟ್ಯಾಗ್‌ಔಟ್’ ದಿನನಿತ್ಯದ ಮಾತು. ದುರಸ್ತಿಗೆ ಮುನ್ನ ಯಂತ್ರದ ವಿದ್ಯುತ್ತನ್ನು ಕಡಿದು, ಸ್ವಿಚ್ಚಿಗೆ ಬೀಗ ಜಡಿದು, ಹೆಸರು ಬರೆದ ಚೀಟಿಯನ್ನು ತೂಗುಹಾಕುವ ಈ ಪದ್ಧತಿ ಅಮೆರಿಕದ ಕಾರ್ಖಾನೆಗಳಿಗೆಲ್ಲ ಅನ್ವಯಿಸುವ ನಿಯಮವಾದದ್ದು ತೀರ ಈಚೆಗೆ.

ಹಳೆಯ ಗಿರಣಿಗಳಲ್ಲಿ ಒಂದೇ ಉಗಿಯಂತ್ರವು ಉದ್ದನೆಯ ದಂಡವೊಂದನ್ನು ತಿರುಗಿಸುತ್ತಿತ್ತು. ಅದರಿಂದ ಇಳಿದ ಚರ್ಮದ ಪಟ್ಟಿಗಳು ಹತ್ತಾರು ಯಂತ್ರಗಳನ್ನು ನಡೆಸುತ್ತಿದ್ದವು. ಒಂದು ಯಂತ್ರ ಕೆಟ್ಟಿತೆಂದು ಇಡೀ ಗಿರಣಿಯನ್ನು ನಿಲ್ಲಿಸುವ ಮಾಲೀಕರೆಲ್ಲಿ? ಪ್ರತಿ ಯಂತ್ರಕ್ಕೂ ತನ್ನದೇ ಮೋಟಾರು, ತನ್ನದೇ ಸ್ವಿಚ್ಚು ಬಂದ ಮೇಲೆ ಬೀಗ ಹಾಕಲು ಒಂದು ತಾಣ ದೊರೆಯಿತು. ಜೊತೆಗೆ, ಒಳಗೆ ಮನುಷ್ಯನಿರುವುದನ್ನರಿಯದೆ ದೂರದಲ್ಲಿ ನಿಂತವನೊಬ್ಬ ಆ ಸ್ವಿಚ್ಚನ್ನು ಒತ್ತಿಬಿಡುವ ಅಪಾಯವೂ ಹುಟ್ಟಿತು.

ಪಿಟ್ಸ್‌ಬರ್ಗ್ ನಗರವಿರುವ ಅಲೆಘೇನಿ ಕೌಂಟಿಯಲ್ಲಿ 1906ರ ಜುಲೈನಿಂದ ಒಂದು ವರ್ಷದೊಳಗೆ 526 ಮಂದಿ ಕೆಲಸದಲ್ಲಿ ಸತ್ತರೆಂದು ಕ್ರಿಸ್ಟಲ್ ಈಸ್ಟ್‌ಮನ್ 1910ರ ತಮ್ಮ ಗ್ರಂಥದಲ್ಲಿ ದಾಖಲಿಸಿದರು. (ಇದರಲ್ಲಿ ಗಣಿ, ರೈಲುಗಳ ಸಾವುಗಳೂ ಸೇರಿವೆ.) ಆದರೂ ಕಾರ್ಮಿಕ ಸುರಕ್ಷತೆಯ ಕೇಂದ್ರ ಕಾನೂನು ಬಂದದ್ದು 1970ರಲ್ಲಿ, ಬೀಗದ ನಿಯಮ ಪ್ರಕಟವಾದದ್ದು 1989ರ ಸೆಪ್ಟೆಂಬರ್ 1ರಂದು. ವಿಳಂಬದ ಬೆಲೆ ಸಣ್ಣದಲ್ಲ. ಮೋಟಾರು ವಾಹನ ಕಾರ್ಮಿಕರ ಸಂಘದ ಲೆಕ್ಕದಂತೆ, 1973ರಿಂದ 1995ರವರೆಗೆ ಸತ್ತ ಅದರ 414 ಸದಸ್ಯರಲ್ಲಿ 83 ಮಂದಿಯ ಸಾವಿಗೆ ಶಕ್ತಿಯ ಮೂಲವನ್ನು ಸರಿಯಾಗಿ ನಿಯಂತ್ರಿಸದಿದ್ದುದೇ ಕಾರಣ.

ನಿಯಮದ ಜೀವಾಳವಿರುವುದು ಬೀಗಕ್ಕಿಂತ ಹೆಚ್ಚಾಗಿ ಅದರ ನಂತರದ ಹೆಜ್ಜೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಬೀಗ ಬಿದ್ದ ಯಂತ್ರದಲ್ಲೂ ಕೆಪಾಸಿಟರಿನ ವಿದ್ಯುತ್ತು, ಕೊಳವೆಯೊಳಗಿನ ಒತ್ತಡ, ಬಿಗಿದ ಸ್ಪ್ರಿಂಗು, ಎತ್ತಿ ನಿಲ್ಲಿಸಿದ ಭಾರ ಉಳಿದಿರಬಹುದು. ಅವನ್ನು ಖಾಲಿಮಾಡಿದ ಮೇಲೆ ಚಾಲನೆಯ ಗುಂಡಿಯನ್ನು ಒತ್ತಿ ನೋಡಬೇಕು. ವಿದ್ಯುತ್ತಾದರೆ, ಪರೀಕ್ಷಕವನ್ನು ಮೊದಲು ಜೀವಂತ ತಂತಿಯ ಮೇಲೆ, ಆಮೇಲೆ ಕೆಲಸದ ತಂತಿಯ ಮೇಲೆ, ಮತ್ತೊಮ್ಮೆ ಜೀವಂತ ತಂತಿಯ ಮೇಲೆ ಇಡುತ್ತಾರೆ. ನಡುವೆ ಪರೀಕ್ಷಕವೇ ಕೆಟ್ಟಿದ್ದರೆ ‘ವಿದ್ಯುತ್ತಿಲ್ಲ’ ಎಂಬ ಅದರ ಸಾಕ್ಷ್ಯಕ್ಕೆ ಬೆಲೆಯಿಲ್ಲವಷ್ಟೆ.

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಹರಿಸಿದ ನಮ್ಮ ನಾಡಿನಲ್ಲಿ ಈ ಕೆಲಸಕ್ಕೆ ‘ಲೈನ್ ಕ್ಲಿಯರ್’ ಎಂದು ಹೆಸರು. ರೈಲಿನವರಿಗೆ ಇದೇ ಮಾತು ಗಾಡಿಯನ್ನು ಬಿಡಲು ಅನುಮತಿ. ಲೈನ್‌ಮನ್ನನಿಗೆ ಕಂಬವನ್ನೇರಲು ಅನುಮತಿ. ಅನುಮತಿ ಸಿಕ್ಕ ಮೇಲೂ ಅವನು ತಂತಿಯನ್ನು ಪರೀಕ್ಷಿಸಿ, ಕೆಲಸದ ಜಾಗದ ಎರಡೂ ಬದಿಗೆ ಅದನ್ನು ಭೂಮಿಗೆ ಜೋಡಿಸಬೇಕು: ಉಪಕೇಂದ್ರದಲ್ಲಿ ಕಡಿದ ವಿದ್ಯುತ್ತು ಯಾರದೋ ಮನೆಯ ಜನರೇಟರಿನಿಂದ ಹಿಮ್ಮುಖವಾಗಿ ಬರುವುದುಂಟು.