ನರೆ ಬಂದ ಮೇಲೆ ನೆರೆಮಾತು: ಧಾರವಾಡ ಸೀಮೆಯಲ್ಲಿ ಇಳಿವಯಸ್ಸಿನ ಭಾಷಾಕಲಿಕೆ

ಇನ್ನೊಂದು ಭಾಷೆ ಕಲಿಯುವುದು ಶಾಲೆಯ ಮಕ್ಕಳ ಕೆಲಸ ಎಂಬ ತಿಳಿವಳಿಕೆ ಧಾರವಾಡದ ಹಳ್ಳಿಗಾಡಿಗೆ ಬಂದದ್ದು ಈಚೆಗೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲೂಕುಗಳಲ್ಲಿ ಬಹುಕಾಲ ಭಾಷೆ ಕಲಿಯುವ ವಯಸ್ಸನ್ನು ನಿರ್ಧರಿಸುತ್ತಿದ್ದದ್ದು ಗರಜು. ಆಳುವವರು ಬದಲಾದಾಗ, ಸಂತೆಗೆ ಹೊಸಬರು ಬಂದಾಗ, ಕೊರಳಿಗೆ ತುಳಸಿಮಾಲೆ ಬಿದ್ದಾಗ ಜನ ಹೊಸ ಮಾತಿಗೆ ಬಾಯಿ ಪಳಗಿಸಿಕೊಂಡರು. ಆಗ ಅವರಲ್ಲಿ ಅನೇಕರು ಮೊಮ್ಮಕ್ಕಳನ್ನು ಕಂಡವರು. ಪರಭಾಷೆ ಎಂದರೆ ಇಲ್ಲಿ ಕಡಲಾಚೆಯ ಭಾಷೆಯೇ ಆಗಬೇಕಾಗಿರಲಿಲ್ಲ. ಮರಾಠಿ, ಪಾರಸಿ, ಹಿಂದಿ, ಇಂಗ್ಲಿಷ್ ಎಲ್ಲವೂ ಹೊರಗಿನಿಂದ ಬಂದವೇ. ಕೆಲವು ಮನೆಗಳಿಗೆ ಕನ್ನಡವೂ ಹಾಗೆಯೇ ಬಂತು.

ಈ ನೆಲದ ಬಹುಭಾಷಿಕತೆಗೆ ಹಳೆಯ ಸಾಕ್ಷಿಯೊಂದು ನೆಲದಿಂದ ದೂರ, ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲಿದೆ. ಪಂಪನ ತಮ್ಮ ಜಿನವಲ್ಲಭ 10ನೆಯ ಶತಮಾನದಲ್ಲಿ ಕೆತ್ತಿಸಿದ ಶಾಸನ ಅದು. ಅದರಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳೆಂದು ತಿಳಿದದ್ದು ಇದೇ ಶಾಸನದಿಂದ. ಅಣ್ಣಿಗೇರಿಯ ನಂಟಿದ್ದ ಕುಟುಂಬವೊಂದು ತೆಲುಗು ನಾಡಿನಲ್ಲಿ ನೆಲೆನಿಂತು ಆ ನಾಡಿನ ಮಾತಿನಲ್ಲೂ ಪದ್ಯ ಬರೆಸಿತ್ತು.

ವಿಜಾಪುರದ ಆದಿಲಶಾಹಿಗಳ ಕಾಲಕ್ಕೆ ಪಾರಸಿ ದರಬಾರಿನ ಭಾಷೆಯಾಗಿತ್ತು, ಕೆಳಹಂತದ ಲೆಕ್ಕಪತ್ರಗಳಲ್ಲಿ ಮರಾಠಿ ಬೇರೂರುತ್ತಿತ್ತು. ಪೇಶವೆಗಳ ಆಳ್ವಿಕೆಯಲ್ಲಿ ಮರಾಠಿಯ ಬಲ ಇನ್ನೂ ಹೆಚ್ಚಿತು. ದೇಸಾಯಿ, ದೇಶಪಾಂಡೆ, ಕುಲಕರ್ಣಿ ಮನೆತನಗಳಲ್ಲಿ ಲೆಕ್ಕ ಬರೆಯುವ ಗಂಡಸು ಮರಾಠಿಯನ್ನು, ಅದನ್ನು ಬರೆಯುತ್ತಿದ್ದ ಮೋಡಿ ಲಿಪಿಯನ್ನು ಕಲಿಯಲೇಬೇಕಿತ್ತು. ಮೋಡಿ ಅವಸರದ ಬರವಣಿಗೆಗೆ ಹೇಳಿ ಮಾಡಿಸಿದ ಲಿಪಿ. ಮೊದಲು ಹಾಳೆಯ ಅಡ್ಡಕ್ಕೆ ಒಂದು ಗೆರೆ ಎಳೆದು, ಅದರ ಕೆಳಗೆ ಲೇಖಣಿಕೆ ಎತ್ತದೆ ಅಕ್ಷರಗಳನ್ನು ಒಂದಕ್ಕೊಂದು ಹೆಣೆಯುತ್ತ ಹೋಗಬೇಕು. ಇಕಾರ, ಉಕಾರಗಳಲ್ಲಿ ಹ್ರಸ್ವ ದೀರ್ಘದ ಭೇದವಿಲ್ಲ. ಪದಗಳ ನಡುವೆ ಬಿಡುವಿಲ್ಲ. ಬರೆಯುವವನಿಗೆ ಹಗುರ, ಓದುವವನಿಗೆ ಕಷ್ಟ. ಓದುಗನಿಗೆ ಅಕ್ಷರ ಗೊತ್ತಿದ್ದರಷ್ಟೇ ಸಾಲದು, ವಿಷಯವೂ ಗೊತ್ತಿರಬೇಕು. ಹೊಲದ ಹೆಸರು, ತೆರಿಗೆಯ ಬಾಬು, ಊರಿನ ಮನೆತನಗಳು ಮನಸ್ಸಿನಲ್ಲಿದ್ದವರಿಗೆ ಮಾತ್ರ ಮೋಡಿ ಕಾಗದ ಸರಾಗವಾಗಿ ಬಿಚ್ಚಿಕೊಳ್ಳುತ್ತದೆ. ವಯಸ್ಸು ಇಲ್ಲಿ ಅಡ್ಡಿಯಲ್ಲ, ಬಂಡವಾಳ.

1818ರಲ್ಲಿ ಪೇಶವಾಯಿ ಮುಗಿದು ಇಂಗ್ಲಿಷರ ಆಳ್ವಿಕೆ ಬಂದರೂ ಮರಾಠಿಯ ಯಜಮಾನಿಕೆ ಕೂಡಲೇ ಹೋಗಲಿಲ್ಲ. ಮುಂಬಯಿ ಇಲಾಖೆಯ ಕಾಗದಗಳಲ್ಲಿ ಈ ಅಚ್ಚಗನ್ನಡ ಪ್ರದೇಶ ‘ದಕ್ಷಿಣ ಮರಾಠಾ ದೇಶ’ ಎನಿಸಿಕೊಂಡಿತು. 19ನೆಯ ಶತಮಾನದ ನಡುವಿನಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ದುಡಿದು ಕನ್ನಡ ಶಾಲೆಗಳನ್ನು ಬೆಳೆಸಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳ್ತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಕುಂದಗೋಳದ ಕಥೆ ಇನ್ನೂ ಬೇರೆ. ಅದು ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು; ಸುತ್ತ ಕನ್ನಡ, ಮೇಲೆ ಮರಾಠಿ ದೊರೆತನ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಲೀನವಾಯಿತು, 1956ರ ನವೆಂಬರ್ 1ರಂದು ಇಡೀ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಒಂಬತ್ತು ವರ್ಷಗಳೊಳಗೆ ಎರಡು ಸಲ ಆಡಳಿತ ಕೈಬದಲಾಯಿತು. ಹೊಲದ ದಾಖಲೆಗೆ ‘ಉತಾರ’, ಶಾಲೆಗೆ ‘ಸಾಲಿ’, ಸಂಬಳಕ್ಕೆ ‘ಪಗಾರ’, ಬೇಗ ಎನ್ನುವುದಕ್ಕೆ ‘ಲಗೂ’ ಎಂದು ಈ ಸೀಮೆಯ ಒಕ್ಕಲಿಗರ ಬಾಯಲ್ಲಿ ನಿಂತ ಮಾತುಗಳಲ್ಲಿ ಆ ಕಾಲ ಈಗಲೂ ಉಸಿರಾಡುತ್ತಿದೆ.

ಕಡಲಾಚೆಯಿಂದ ಬಂದು ಇಲ್ಲಿನ ಮಾತು ಕಲಿತವರಲ್ಲಿ ಇಬ್ಬರ ಇಳಿವಯಸ್ಸು ನೆನೆಯತಕ್ಕದ್ದು. ವಾಲ್ಟರ್ ಎಲಿಯಟ್ 1824ರ ಕಿತ್ತೂರು ಕದನದಲ್ಲಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕಿದ್ದ ಬ್ರಿಟಿಷ್ ಅಧಿಕಾರಿ. ಧಾರವಾಡ ಸೀಮೆಯಲ್ಲಿ 1833ರವರೆಗೆ ದುಡಿದು ಕನ್ನಡ ಕಲಿತ, ಕನ್ನಡದ ಪರ ನಿಂತ, ಕರ್ನಾಟಕದ 595 ಶಾಸನಗಳ ಪ್ರತಿಗಳನ್ನು ಕೂಡಿಸಿದ. 1860ರಲ್ಲಿ ನಿವೃತ್ತನಾಗಿ ಸ್ಕಾಟ್ಲೆಂಡಿಗೆ ಹೋದ ಮೇಲೆ ಕಣ್ಣು ಕಳೆದುಕೊಂಡ. ಆದರೂ ದಕ್ಷಿಣದ ಭಾಷೆಗಳ ಹಂಬಲ ಬಿಡಲಿಲ್ಲ. 1887ರ ಮಾರ್ಚ್ 1ರ ಬೆಳಿಗ್ಗೆ, 84ನೆಯ ವಯಸ್ಸಿನಲ್ಲಿ, ತಮಿಳು ವಿದ್ವಾಂಸ ಜಿ. ಯು. ಪೋಪ್‌ಗೆ ಒಂದು ಪತ್ರ ಹೇಳಿ ಬರೆಸಿ ತಾನೇ ಸಹಿ ಮಾಡಿದ. ಪೋಪ್ ಹೊರತರಲಿದ್ದ ತಿರುಕ್ಕುರಳ್ ಆವೃತ್ತಿಯ ಸುದ್ದಿ ಕೇಳಿ ಸಂತೋಷಪಟ್ಟು, ದಕ್ಷಿಣದ ಭಾಷೆಗಳ ಮೇಲಿನ ಉಳಿದ ಕೆಲಸ ಎಲ್ಲಿಗೆ ಬಂತೆಂದು ವಿಚಾರಿಸಿದ ಪತ್ರ ಅದು. ಅದೇ ದಿನ ಆತ ತೀರಿಕೊಂಡ.

ಇನ್ನೊಬ್ಬರು ಫರ್ಡಿನಂಡ್ ಕಿಟೆಲ್. ಬಾಸೆಲ್ ಮಿಶನ್ನಿನ ಪರವಾಗಿ 1853ರಲ್ಲಿ, 21ರ ಹರೆಯದಲ್ಲಿ ಭಾರತಕ್ಕೆ ಬಂದು ಧಾರವಾಡದಲ್ಲಿ ಕನ್ನಡ ಕಲಿಯತೊಡಗಿದರು. ತಾಯ್ನಾಡಿಗೆ ಮರಳಿದ್ದ ಅವರು ನಿಘಂಟಿನ ಕೆಲಸಕ್ಕೆಂದೇ 1883ರಲ್ಲಿ ಮತ್ತೆ ಹಡಗು ಹತ್ತಿದರು; ಆಗ ವಯಸ್ಸು ಐವತ್ತು ದಾಟಿತ್ತು. ಪುಸ್ತಕಗಳಿಂದ ಹೆಕ್ಕಿದ ಶಬ್ದಗಳು ಅವರಿಗೆ ಸಾಲಲಿಲ್ಲ. ಆಡುಮಾತು, ಗಾದೆ, ಒಗಟು, ಕಸುಬಿನ ಮಾತುಗಳನ್ನು ಬಲ್ಲವರಿಂದ ಕೇಳಿ ಬರೆದುಕೊಂಡರು. ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಶಬ್ದಗಳ ಆ ಗ್ರಂಥದಲ್ಲಿ ಧಾರವಾಡ ಕಡೆಯ ಬಳಕೆಯ ಶಬ್ದಗಳಿಗೆ ದಕ್ಷಿಣ ಮರಾಠಾ ಸೀಮೆಯ ಗುರುತು ಹಾಕಿದೆ. ಕನ್ನಡ ವ್ಯಾಕರಣದ ಮೇಲಿನ ಅವರ ಇಂಗ್ಲಿಷ್ ಗ್ರಂಥ ಹೊರಬಂದದ್ದು 1903ರಲ್ಲಿ, ಅವರು ತೀರಿಕೊಂಡ ವರ್ಷದಲ್ಲೇ. ಅರ್ಧ ಶತಮಾನ ಒಂದು ಭಾಷೆಯ ವಿದ್ಯಾರ್ಥಿಯಾಗಿಯೇ ಉಳಿದವರು ಅವರು. ಕನ್ನಡದ ಮೇಲೆ ಅವರ ಋಣ ದೊಡ್ಡದು.

ಸಂಗೀತ ಇನ್ನೊಂದು ದಾರಿ. 1886ರಲ್ಲಿ ಹುಟ್ಟಿದ ಕುಂದಗೋಳದ ರಾಮಭಾವು ಅಬ್ದುಲ್ ಕರೀಂ ಖಾನರಲ್ಲಿ ಕಲಿತು, ಮರಾಠಿ ರಂಗಭೂಮಿಯಲ್ಲಿ ಮೆರೆದು ಸವಾಯಿ ಗಂಧರ್ವರೆನಿಸಿದರು. ಅವರು ಊರಿಗೆ ಮರಳಿದ ಮೇಲೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಪಾಠ ಹೇಳಿಸಿಕೊಂಡರು. ಭೀಮಸೇನ ಜೋಶಿಯವರು ಅಲ್ಲೇ ಉಳಿದು ಕಲಿತರು. ಕನ್ನಡ ಮನೆಮಾತಿನ ಈ ಶಿಷ್ಯರಿಗೆ ಬಂದಿಶ್‌ಗಳ ವ್ರಜಭಾಷೆ ಪೂರಾ ಪರಭಾಷೆ. ಅದು ಸ್ವರದ ಜೊತೆಗೆ, ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಇಳಿಯಿತು.

ಆದರೆ ಹಳ್ಳಿಯ ಹಿರಿಯರನ್ನು ದೊಡ್ಡ ಸಂಖ್ಯೆಯಲ್ಲಿ ಪರಭಾಷೆಗೆ ಒಯ್ದದ್ದು ಕಚೇರಿಯೂ ಅಲ್ಲ, ಗವಾಯಿಯ ಮನೆಯೂ ಅಲ್ಲ, ಪಂಢರಪುರ. ಉತ್ತರ ಕರ್ನಾಟಕದ ವಾರಕರಿಗಳು ಆಷಾಢ, ಕಾರ್ತೀಕ ಏಕಾದಶಿಗಳಿಗೆ ದಿಂಡಿ ಕಟ್ಟಿಕೊಂಡು ವಿಠ್ಠಲನ ಬಳಿಗೆ ನಡೆಯುವುದು ಹಳೆಯ ರೂಢಿ. ಮರಾಠಿ ಸಂತರೇ ವಿಠ್ಠಲನನ್ನು ‘ಕಾನಡಾ’ ಎಂದು ಕರೆದಿರುವಾಗ ಈ ನಡಿಗೆ ಪರದೇಶದ ಯಾತ್ರೆ ಅನ್ನಿಸುವುದೂ ಇಲ್ಲ. ಹೊಲ ಮನೆಯ ಭಾರವನ್ನು ಮಕ್ಕಳಿಗೆ ಒಪ್ಪಿಸಿದ ಮೇಲೆ ಮಾಲೆ ಹಾಕಿಕೊಳ್ಳುವವರು ಬಹಳ. ಸರಕಾರಿ ನೌಕರಿಯ ಲೆಕ್ಕದಲ್ಲಿ ನಿವೃತ್ತಿಗೆ ಒಂದು ತಾರೀಖು ಇರುತ್ತದೆ. ಒಕ್ಕಲಿಗನ ನಿವೃತ್ತಿಗೆ ತಾರೀಖಿಲ್ಲ, ಇಂಥದೊಂದು ಮಾಲೆ ಇರುತ್ತದೆ.

ಭಜನೆಯ ಗುಂಪಿನಲ್ಲಿ ಕಲಿಕೆ ನಡೆಯುವ ಕ್ರಮ ಶಾಲೆಯದಕ್ಕೆ ತಿರುವುಮುರುವು. ಮೊದಲು ಕೈಗೆ ತಾಳ ಬರುತ್ತದೆ, ಆಮೇಲೆ ಕಿವಿಗೆ ಧಾಟಿ, ಆಮೇಲೆ ಬಾಯಿಗೆ ಪಲ್ಲವಿ. ಜ್ಞಾನದೇವ, ತುಕಾರಾಮರ ಅಭಂಗಗಳು, ಸಂಜೆಯ ಹರಿಪಾಠ ಮೊದಲು ಬಾಯಿಪಾಠವಾಗಿ, ಅರ್ಥ ಕೊನೆಗೆ ತಲುಪುತ್ತದೆ. ಅಕ್ಷರ ಬಲ್ಲವರು ನೋಟುಬುಕ್ಕಿನಲ್ಲಿ ಮರಾಠಿ ಸಾಲುಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುತ್ತಾರೆ. ಅಕ್ಷರ ಬಾರದವರಿಗೆ ಪಕ್ಕದವರ ದನಿಯೇ ಪುಸ್ತಕ. ಕೀರ್ತನಕಾರರು ಅಭಂಗವನ್ನು ಮರಾಠಿಯಲ್ಲಿ ಹೇಳಿ ನಿರೂಪಣೆಯನ್ನು ಕನ್ನಡದಲ್ಲಿ ಬಿಡಿಸುವಾಗ, ವರ್ಷಗಟ್ಟಲೆ ಬಾಯಲ್ಲಿದ್ದ ಶಬ್ದವೊಂದು ಒಮ್ಮೆಲೆ ಬೆಳಗುತ್ತದೆ. ನೂರಾರು ಸಾಲು ನಾಲಿಗೆಯ ಮೇಲಿದ್ದ ಮನುಷ್ಯ ಪಂಢರಪುರದ ಓಣಿಯಲ್ಲಿ ದಾರಿ ಕೇಳುವ ಹೊತ್ತಿಗೆ ಅವನಲ್ಲಿ ಅರ್ಧ ಮರಾಠಿ ಆಗಲೇ ಇರುತ್ತದೆ. ಉಳಿದರ್ಧವನ್ನು ಅವನ ಸ್ವಂತ ಆಡುಮಾತು ಕೊಟ್ಟಿರುತ್ತದೆ.

ಎಡವುವುದು ಲಿಂಗದಲ್ಲಿ. ಕನ್ನಡದಲ್ಲಿ ರೊಟ್ಟಿ, ದಾರಿ, ಪುಸ್ತಕ ಎಲ್ಲವೂ ‘ಅದು’. ಮರಾಠಿಯಲ್ಲಿ ‘ಭಾಕರಿ’ ಹೆಣ್ಣು, ‘ರಸ್ತಾ’ ಗಂಡು, ‘ಪುಸ್ತಕ’ ನಪುಂಸಕ. ಗುಣವಾಚಕವೂ ಕ್ರಿಯಾಪದವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಇಳಿವಯಸ್ಸಿನಲ್ಲಿ ಕಲಿತವರ ಮರಾಠಿಯಲ್ಲಿ ಈ ತಪ್ಪು ಕೊನೆಯವರೆಗೂ ಉಳಿಯುವುದುಂಟು. ಅಭಂಗದಲ್ಲಿ ಮಾತ್ರ ತಪ್ಪುವುದಿಲ್ಲ, ಅಲ್ಲಿ ಧಾಟಿ ವ್ಯಾಕರಣವನ್ನು ಕಾಯುತ್ತದೆ.

ಪರೀಕ್ಷೆಯ ಮೂಲಕ ಬಂದ ಪರಭಾಷೆ ಹಿಂದಿ. ಗಾಂಧೀಜಿಯವರ ಪ್ರೇರಣೆಯಿಂದ 1918ರಲ್ಲಿ ಮದ್ರಾಸಿನಲ್ಲಿ ಆರಂಭವಾದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಕರ್ನಾಟಕ ಶಾಖೆ ಧಾರವಾಡದಲ್ಲಿದೆ. ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ, ಪ್ರವೇಶಿಕಾ, ವಿಶಾರದ, ಪ್ರವೀಣ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಅದರ ಪರೀಕ್ಷೆಗಳು ಶಾಲೆಯ ತರಗತಿಗೆ ಕಟ್ಟುಬಿದ್ದವಲ್ಲ. ಮಕ್ಕಳ ಜೊತೆಗೆ ದೊಡ್ಡವರೂ ಕೂತು ಬರೆಯಬಹುದಾದ ಪರೀಕ್ಷೆ ಎಂಬ ಕಲ್ಪನೆಯೇ ಹಳ್ಳಿಗಳಿಗೆ ಹೊಸದಾಗಿತ್ತು.

ಅತ್ತ ಕನ್ನಡವನ್ನೇ ಪರಭಾಷೆಯಾಗಿ ಕಲಿತವರೂ ಇದ್ದಾರೆ. ಕಲಘಟಗಿಯ ಕಾಡಂಚಿನ ಗೌಳಿಗರ ಮನೆಮಾತು ಮರಾಠಿ, ತಾಂಡಾಗಳ ಲಂಬಾಣಿಗರದು ಗೋರ್ ಬೋಲಿ. ನವಲಗುಂದದಲ್ಲಿ ಜಮಖಾನ ನೇಯುವ ಹೆಣ್ಣುಮಕ್ಕಳ ಮನೆಗಳಲ್ಲಿ ಉರ್ದು. ಕಲಘಟಗಿಗೆ ಹತ್ತಿರದ ಮುಂಡಗೋಡಿನಲ್ಲಿ 1966ರಿಂದ ಟಿಬೆಟಿನ ನಿರಾಶ್ರಿತರು ನೆಲೆಸಿದರು. ಗಡಿ ದಾಟಿ ಬಂದಾಗಲೇ ವಯಸ್ಸಾಗಿದ್ದವರಿಗೆ ಇಲ್ಲಿನ ಮಳೆ, ಗೋವಿನಜೋಳ, ಸಂತೆ ಎಲ್ಲವೂ ಹೊಸದು. ಎಣಿಕೆ, ತೂಕ, ಬೆಲೆ, ಬಸ್ಸಿನ ಹೆಸರು ಇಷ್ಟರಿಂದ ಅವರ ಕನ್ನಡ ಶುರುವಾಯಿತು. ಅದಕ್ಕೆ ಪಠ್ಯಪುಸ್ತಕ ಬರೆದವರಿಲ್ಲ.

ಕೈಯಲ್ಲಿ ಪಿಂಚಣಿ, ಮುಂದೆ ಬಿಡುವಿನ ವರ್ಷಗಳು ಎಂಬ ಈಗಿನ ಅರ್ಥದ ನಿವೃತ್ತಿ ಈ ಹಳ್ಳಿಗಳಿಗೆ ಬಂದದ್ದು ಶಿಕ್ಷಕರು, ತಲಾಟಿಗಳು, ಬ್ಯಾಂಕು ರೈಲ್ವೆ ನೌಕರರ ಮೂಲಕ. ಕರ್ನಾಟಕ ಸರಕಾರ ತನ್ನ ನೌಕರರ ನಿವೃತ್ತಿ ವಯಸ್ಸನ್ನು 2008ರಲ್ಲಿ 58ರಿಂದ 60ಕ್ಕೆ ಏರಿಸಿತು. ಫ್ರಾನ್ಸಿನ ತುಲೂಸಿನಲ್ಲಿ 1973ರಲ್ಲಿ ಹಿರಿಯರಿಗೆಂದೇ ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’ ಹುಟ್ಟಿ ಅನೇಕ ದೇಶಗಳಿಗೆ ಹಬ್ಬಿತು. ಇಲ್ಲಿ ಆ ಪಾತ್ರವನ್ನು ಇವತ್ತಿಗೂ ಭಜನೆಯ ಮನೆ, ಮಠದ ಪ್ರವಚನ ಹೊತ್ತಿವೆ. ಪರದೇಶದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ತಂದೆತಾಯಿಗಳು ಮೊಮ್ಮಕ್ಕಳಿಂದ ಇಂಗ್ಲಿಷ್ ಕಲಿಯುವುದು ಈಚಿನ ಸಂಗತಿ.

ಹಲವು ಭಾಷೆಗಳ ಒಡನಾಟ ಮುಪ್ಪಿನಲ್ಲಿ ಮಿದುಳನ್ನು ಕಾಯುತ್ತದೆಯೇ ಎಂಬ ಪ್ರಶ್ನೆಗೆ ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು 2013ರಲ್ಲಿ ಉತ್ತರ ಹುಡುಕಿತು. ಮರೆವಿನ ಕಾಯಿಲೆಯಿದ್ದ 648 ಜನರನ್ನು ಪರಿಶೀಲಿಸಿದಾಗ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಈ ಬಹುಭಾಷಿಕರು ಮುಪ್ಪಿನಲ್ಲಿ ಹೊಸದಾಗಿ ಭಾಷೆ ಕಲಿತವರೆಂದು ತಿಳಿಯಬಾರದು. ಎರಡು ಮಾತುಗಳ ನಡುವೆ ಬದುಕಿದವರು. ಆದರೂ ಸಂತೆಯಲ್ಲಿ, ದಿಂಡಿಯಲ್ಲಿ ಭಾಷೆ ಕಲಿತ ನಾಡಿಗೆ ಈ ಫಲಿತಾಂಶ ಹತ್ತಿರದ್ದು.

ಇಷ್ಟರ ನಡುವೆ ಮೋಡಿ ಮರೆಯಾಯಿತು. ಶಾಲೆಗಳು ದೇವನಾಗರಿಯನ್ನೇ ಹಿಡಿದವು. ಸ್ವಾತಂತ್ರ್ಯದ ಮುಂದಿನ ವರ್ಷಗಳಲ್ಲಿ ಮಹಾರಾಷ್ಟ್ರದಲ್ಲೇ ಮೋಡಿ ಬಳಕೆಯಿಂದ ಹೊರಬಿತ್ತು. ಧಾರವಾಡ ಸೀಮೆಯ ವಾಡೆಗಳ ಅಟ್ಟಗಳಲ್ಲಿ, ಹಳೆಯ ದಫ್ತರಗಳಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ಮೋಡಿ ಕಾಗದದ ಗಂಟುಗಳು ಉಳಿದವು. ಇನಾಮು, ಕೆರೆಯ ನೀರು, ಬರ, ವಾರಸಾ ಜಗಳ, ದೇವಸ್ಥಾನದ ಉತ್ಪನ್ನ ಎಲ್ಲವೂ ಆ ಗಂಟುಗಳಲ್ಲಿವೆ. ಅವನ್ನು ಓದಬಲ್ಲವರು ಈಗ ತೀರ ಕಡಿಮೆ. ಭಜನೆಯಿಂದಲೋ ನೌಕರಿಯಿಂದಲೋ ಮರಾಠಿ ಬಂದ, ಹೊಲದ ಲೆಕ್ಕ ತಿಳಿದ ನಿವೃತ್ತರಿಗೆ ಇದು ಹೇಳಿ ಮಾಡಿಸಿದ ಕೆಲಸ. ಅವರು ಕಲಿಯಬೇಕಾದದ್ದು ಲಿಪಿಯೊಂದನ್ನೇ. ಮನೆಯಲ್ಲಿ ಅಂಥ ಗಂಟು ಇದ್ದವರು ಅದನ್ನು ಗೆದ್ದಲಿಗೂ ರದ್ದಿಗೂ ಕೊಡದೆ, ಓದಬಲ್ಲ ಹಿರಿಯರೊಬ್ಬರ ಮುಂದೆ ಈ ವರ್ಷವೇ ಬಿಚ್ಚಬೇಕು.