ಮಂಗನ ತಪ್ಪಿಲ್ಲದ ಮಂಗನ ಕಾಯಿಲೆ

ಜೋಕಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೊನ್ನೆ ಪಕ್ಕದ ಮನೆಯ ಬೌದಿ ತಮ್ಮ ನಾಯಿಯ ಕಿವಿಯಿಂದ ಏನನ್ನೋ ಕಿತ್ತು ತೆಗೆಯುತ್ತಿದ್ದರು. "ಎಂಟುಲಿ" ಎಂದರು. ಬಗ್ಗಿ ನೋಡಿದರೆ ನಮ್ಮ ಉಣುಗು! ನಾಯಿಯ ಉಣುಗಿನ ಜಾತಿಯೇ ಬೇರೆ ಎಂದು ಗೊತ್ತಿದ್ದರೂ, ಸಾಗರದ ಕಡೆ ಬೆಳೆದ ನನಗೆ ಮೈ ಜುಮ್ಮೆಂದಿತು. ಸ್ಮರಣ ಸಂಚಿಕೆಗೆ ಇತಿಹಾಸದ ಬಗ್ಗೆ ಬರೆಯಿರಿ ಎಂದಾಗ ಇದೇ ನೆನಪಾಯಿತು.

1957ರ ಬೇಸಿಗೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳು, ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರ, ಮೈಕೈ ನೋವಿನಿಂದ ಮಲಗಿದರು, ಕೆಲವರು ತೀರಿಕೊಂಡರು. ಎರಡಕ್ಕೂ ನಂಟಿದೆ ಎಂದು ಕಂಡುಕೊಂಡ ಊರವರು ಅದನ್ನು ಮಂಗನ ಕಾಯಿಲೆ ಎಂದು ಕರೆದರು.

ಮಂಗಗಳೂ ಸಾಯುತ್ತಿವೆ ಎಂದಾಗ ಆಫ್ರಿಕಾದ ಹಳದಿ ಜ್ವರ ಭಾರತಕ್ಕೂ ಬಂತೇ ಎಂಬ ಆತಂಕ ಹುಟ್ಟಿತು. ಪುಣೆಯ ವೈರಸ್ ರಿಸರ್ಚ್ ಸೆಂಟರಿನಿಂದ ಟೆಲ್ಫರ್ಡ್ ವರ್ಕ್ ಅವರ ತಂಡ ಬಂತು. ಸಿಕ್ಕಿದ ವೈರಸ್ ಹಳದಿ ಜ್ವರದ್ದಲ್ಲ, ರಷ್ಯಾದಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸಿನ ದಾಯಾದಿ! ಇಲ್ಲಿಯೂ ಅಪರಾಧಿ ಉಣುಗೇ. ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಸೈಬೀರಿಯದ ಹಕ್ಕಿಗಳು ಇದನ್ನು ಹೊತ್ತು ತಂದವೇ ಎಂಬ ಅನುಮಾನವೂ ಎದ್ದಿತು. ಸಲೀಂ ಅಲಿಯವರ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸಕ್ಕೆ ಅದೂ ಒಂದು ಕಾರಣ.

ಪಾಪ, ಮಂಗವೂ ನಮ್ಮಂತೆಯೇ ಕಚ್ಚಿಸಿಕೊಂಡ ಪ್ರಾಣಿ. ಅದು ಸತ್ತಾಗ ಮೈಗಂಟಿದ ಉಣುಗುಗಳು ನೆಲಕ್ಕೆ ಉದುರಿ ಬೇರೆ ಮೈ ಹುಡುಕುತ್ತವೆ. ದೊಡ್ಡ ಉಣುಗು ದನಗಳ ಮೈಮೇಲೆ ಹೊಟ್ಟೆ ತುಂಬಿಸಿಕೊಂಡು ಉದುರಿ ಮೊಟ್ಟೆ ಇಡುತ್ತದೆ. ಮನುಷ್ಯರನ್ನು ಕಚ್ಚುವುದು ಹೆಚ್ಚಾಗಿ ಕಣ್ಣಿಗೂ ಸರಿಯಾಗಿ ಬೀಳದ ಮರಿ ಉಣುಗು. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಸೌದೆಗೆ, ಕೊಟ್ಟಿಗೆಗೆ ಹಾಸುವ ದರಕಿಗೆ ಹೆಂಗಸರು ಕಾಡಿಗೆ ಹೋಗುವುದೂ ಆಗಲೇ. ಹಾಗೆ ಕಚ್ಚಿಸಿಕೊಂಡವರ ಕಥೆ ವರದಿಗಳಲ್ಲಿ ಬರೀ ಅಂಕಿಯಾಗಿ ಉಳಿಯುತ್ತದೆ ಎಂಬುದು ನನ್ನ ತಕರಾರು.

2018-19ರಲ್ಲಿ ಸಾಗರದ ಅರಳಗೋಡು ಸುತ್ತಮುತ್ತ ಕಾಯಿಲೆ ಮತ್ತೆ ಹಲವರ ಜೀವ ತೆಗೆಯಿತು. ಆ ವರ್ಷ ನಮ್ಮ ದೊಡ್ಡಮ್ಮನೂ ಜ್ವರದಲ್ಲಿ ಹದಿನೈದು ದಿನ ಮಲಗಿದ್ದರು. ನಾನಿಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದೆ. ಪುಣ್ಯಕ್ಕೆ ಉಳಿದುಕೊಂಡರು. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದರು. ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆಯೇ ಈಗ ಆಸರೆ.

ಡಿಸೆಂಬರ್ ಬಂದರೆ ಫೋನಿನಲ್ಲಿ ನನ್ನದು ಒಂದೇ ಪ್ರಶ್ನೆ: "ಎಣ್ಣೆ ಹಚ್ಕೊಂಡ್ರಾ ದೊಡ್ಡಮ್ಮಾ? ಕಾಡಿಗೆ ಹೋಗ್ಬೇಡಿ."

"ಹಚ್ಕೊಳ್ತೀನಿ ಕಣೇ. ಕೊಟ್ಟಿಗೆಗೆ ದರಕು ನೀನು ಕಲ್ಕತ್ತದಿಂದ ಕಳಿಸ್ತೀಯಾ?"